ಚೀಲದ ಮೇಲಿನ ಸಹಿ

ಇಡೀ ಕಾರ್ಖಾನೆ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿತ್ತು. ಮೊದಲು ಹಾಗೆ ಕರೆದವಳು ಅಲ್ಲೇ ಕೆಲಸಕ್ಕೆ ಸೇರಿದ ತಂಗಿಯ ಮಗಳು. ಉಳಿದವರು ಅವಳ ಬಾಯಿಂದ ಕಲಿತರು. ಸೋಲಾರ್ ಪ್ಯಾನೆಲ್ಲಿನ ಗಾಜಿಗೂ ಸೆಲ್‌ಗಳಿಗೂ ನಡುವೆ ಇವಿಎ ಎಂಬ ಹಾಲುಬಣ್ಣದ ಹಾಳೆ ಹಾಸುತ್ತಾರೆ. ಬಿಸಿ ಯಂತ್ರದೊಳಗೆ ಅದು ಕರಗಿ ಎಲ್ಲವನ್ನೂ ಒಂದಾಗಿ ಅಂಟಿಸುತ್ತದೆ. ಹನ್ನೊಂದು ವರ್ಷ ಆ ಹಾಳೆ ಹಾಸಿದ ದೊಡ್ಡಮ್ಮ ಒಂದು ಸುಕ್ಕೂ ಬಿಟ್ಟವಳಲ್ಲ.

ಹಾಳೆಯ ಸುರುಳಿ ಬರುವುದು ಭದ್ರವಾಗಿ ಮುಚ್ಚಿದ ಚೀಲದಲ್ಲಿ. ಒಡೆದರೆ ಅದೇ ಪಾಳಿಯಲ್ಲಿ ಮುಗಿಸಬೇಕು. ಗಾಳಿಯ ತೇವ ಕುಡಿದ ಹಾಳೆ ಯಂತ್ರದಲ್ಲಿ ಗುಳ್ಳೆ ಏಳುತ್ತದೆ. ಸೂಪರ್‌ವೈಸರ್ ಮಹಾಶಯನಿಗೋ ಬೆಳಗಿನ ಹತ್ತು ನಿಮಿಷ ಉಳಿಸುವ ಚಟ. ಹಿಂದಿನ ಸಂಜೆಯೇ ಚೀಲ ಒಡೆಸಿಡುತ್ತಿದ್ದ. ಒಣ ದಿನಗಳಲ್ಲಿ ಹೇಗೋ ನಡೆಯಿತು. ಹೋದ ವರ್ಷ ಒಂದು ಜಡಿಮಳೆಯ ವಾರದಲ್ಲಿ ನಲವತ್ತು ಪ್ಯಾನೆಲ್ ಗುಳ್ಳೆ ಎದ್ದು ಹೊರಬಂದಾಗ, ಗೂಬೆ ಕೂರಿಸಲು ಅವನಿಗೊಂದು ತಲೆ ಬೇಕಾಯಿತು.

"ಮುದುಕಿ ಕೈ ಬೆವರುತ್ತೆ ಸಾರ್, ಗ್ಲೌಸ್ ಹಾಕಲ್ಲ" ಎಂದು ಮ್ಯಾನೇಜರ್ ಮುಂದೆ ಹೇಳಿದ. ಗ್ಲೌಸ್ ಇಲ್ಲದೆ ಅವಳು ಸುರುಳಿ ಮುಟ್ಟಿದ್ದೇ ಇಲ್ಲ!

ಅವಳನ್ನು ಪ್ಯಾಕಿಂಗ್‌ಗೆ ತಳ್ಳಿದರು. ಊಟದ ಕೋಣೆಯಲ್ಲಿ ಯಾರೋ 'ಗುಳ್ಳೆ ದೊಡ್ಡಮ್ಮ' ಎಂದರು, ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮರೆಯಲಿಲ್ಲ. ಸೂಪರ್‌ವೈಸರನ ಕ್ಷಮಾಪಣೆ ಅವಳಿಗೆ ಬೇಕಿರಲಿಲ್ಲ. ಅದೇ ಮ್ಯಾನೇಜರ್ ಮುಂದೆ ಅವನ ಮಾನ ಹೋಗುವುದನ್ನು ಕಣ್ಣಾರೆ ಕಾಣಬೇಕಿತ್ತು.

ಈ ವರ್ಷ ಮತ್ತೆ ಮೋಡ ಕವಿಯಿತು. ಮರುದಿನ ಸರಕು ಕೊಳ್ಳುವವರು ಕೆಲಸ ನೋಡಲು ಬರುವವರಿದ್ದರು. ಸಂಜೆಯೇ ಆರು ಚೀಲ ಒಡೆಸಿದ ಸೂಪರ್‌ವೈಸರ್. ಈಗ ಹಾಳೆ ಹಾಸುತ್ತಿದ್ದವಳು ತಂಗಿಯ ಮಗಳು. ಓಡಿ ಬಂದಳು.

"ದೊಡ್ಡಮ್ಮ, ನಾಳೆ ನನ್ನ ತಲೆಗೇ ಕಟ್ತಾನೆ ನೋಡು."

"ನೀನು ಸುಮ್ನಿರೇ. ನಾನಿದೀನಿ."

ಪ್ರತಿ ಚೀಲದ ಮೇಲೂ ಯಾವಾಗ ಒಡೆದದ್ದು, ಯಾರು ಒಡೆಸಿದ್ದು ಎಂದು ಬರೆಯುವ ಚೀಟಿ ಇರುತ್ತದೆ. ಯಾರೂ ತುಂಬುವುದಿಲ್ಲ. ದೊಡ್ಡಮ್ಮ ಖಾಲಿ ಚೀಲಗಳನ್ನು ಆಯ್ದುಕೊಂಡು, ತಾರೀಖು, ಹೊತ್ತು ತಾನೇ ತುಂಬಿ, ಸೂಪರ್‌ವೈಸರನ ಮುಂದೆ ನಿಂತಳು.

"ನಾಳೆ ದೊಡ್ಡವರು ಬರ್ತಾರಲ್ಲ ಸಾರ್, ಚೀಟಿ ಖಾಲಿ ಇದ್ರೆ ಚೆನ್ನಾಗಿರಲ್ಲ. ನಿಮ್ಮ ಸಹಿ ಇದ್ರೇನೇ ಒಂದು ತೂಕ."

ಸಾಹೇಬರು ಉಬ್ಬಿಹೋದರು. ಫೋನಿನಲ್ಲಿ ಮಾತಾಡುತ್ತಲೇ, ಏನೂ ಓದದೆ ಆರು ಸಹಿ ಜಡಿದರು.

ಬೆಳಗ್ಗೆ ಯಂತ್ರ ತೆರೆದರೆ ಗಾಜಿನಡಿ ಗುಳ್ಳೆಗಳೋ ಗುಳ್ಳೆಗಳು. ಬಂದವರು ಹುಬ್ಬು ಗಂಟಿಕ್ಕಿದರು. ಸೂಪರ್‌ವೈಸರ್ ಹುಡುಗಿಯತ್ತ ಬೆರಳೆತ್ತಿದ್ದೇ ತಡ, ದೊಡ್ಡಮ್ಮ ಆರೂ ಚೀಲಗಳನ್ನು ಮ್ಯಾನೇಜರ್ ಮುಂದೆ ಹರಡಿದಳು.

"ಹಾಳೆ ನಿನ್ನೆ ಸಂಜೆಯಿಂದ ತೆರೆದೇ ಬಿದ್ದಿತ್ತು ಸಾರ್. ಯಾರು ತೆರೆಸಿದ್ದು ಅಂತ ಸಹಿ ಇದೆ, ನೋಡಿ."

ಮ್ಯಾನೇಜರ್ ಒಂದೊಂದನ್ನೇ ಓದಿದರು. "ಹೋದ ವರ್ಷವೂ ಹೀಗೇ ಆಗಿದ್ದಾ?"

"ಹೌದು ಸಾರ್."

ಸೂಪರ್‌ವೈಸರನ ಮುಖ ಹುಳ್ಳಗಾಯಿತು. ಅವಳು ರೆಪ್ಪೆ ಬಡಿಯದೆ ನೋಡಿದಳು. ಜೀವಕ್ಕೆ ಹಾಯೆನಿಸಿತು.

ಮಧ್ಯಾಹ್ನ ಕೆಲಸ ಕಳೆದುಕೊಂಡು, ಬೀಗದ ಕೈ ಒಪ್ಪಿಸಿ ಹೊರಟವನು ಪ್ಯಾಕಿಂಗ್ ಬಾಗಿಲಲ್ಲಿ ನಿಂತ. "ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತು. ಒಂದು ಮಾತು ಹೇಳ್ಬಹುದಿತ್ತಲ್ಲ ದೊಡ್ಡಮ್ಮ? ನಂಗೂ ಮಕ್ಕಳಿದಾರೆ."

"ಹೇಳ್ಬಹುದಿತ್ತು" ಎಂದಳು ಅವಳು, ಪೆಟ್ಟಿಗೆಗೆ ಟೇಪು ಎಳೆಯುತ್ತ. "ಹೇಳ್ದೆ ಇರೋಕೆ ಅಂತಾನೇ ಒಂದು ವರ್ಷ ಕಾದಿದ್ದೆ."