ಹೊಸಕ್ಕಿ ಊಟದ ಹಗೆ

ಆಗ ಕುವೈತಿನ ಫಹಾಹೀಲಿನಲ್ಲಿ ನವೆಂಬರ್ ಬಂತೆಂದರೆ ಏಸಿ ನಿಲ್ಲಿಸಿ ಕಿಟಕಿ ತೆರೆಯಬಹುದಿತ್ತು. ಸಮುದ್ರದ ಗಾಳಿ ಬರುತ್ತಿತ್ತು, ಅದರ ಜೊತೆಗೆ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯ ವಾಸನೆಯೂ ಬರುತ್ತಿತ್ತು. ಆ ತಿಂಗಳ ಒಂದು ಶುಕ್ರವಾರ ಮೂರನೆಯ ಮಹಡಿಯ ನಮ್ಮ ಮನೆಯಲ್ಲಿ ಹೊಸಕ್ಕಿ ಊಟ. ತುಳುವಿನಲ್ಲಿ ಪುದ್ದಾರ್ ಎನ್ನುತ್ತೇವೆ. ಹೊಸ ಬೆಳೆಯ ಅನ್ನವನ್ನು ಮೊದಲ ಸಲ ಉಣ್ಣುವ ದಿನ, ಭೂಮಿಗೂ ದೇವರಿಗೂ ಹಿರಿಯರಿಗೂ ಕೈಮುಗಿಯುವ ದಿನ. ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರ ನೋಡಿದ್ದ ನಾವು ಮಕ್ಕಳು ಅದನ್ನು ‘ನಮ್ಮ ಥ್ಯಾಂಕ್ಸ್‌ಗಿವಿಂಗ್’ ಎನ್ನುತ್ತಿದ್ದೆವು. ಇಂಥ ಹಬ್ಬದ ನೆನಪನ್ನು ಬರೆಯುವವರು ಮನಸ್ಸು ತಂಪಾಗಿಟ್ಟುಕೊಂಡು ಬರೆಯಬೇಕಂತೆ. ನನ್ನಿಂದ ಆಗುವುದಿಲ್ಲ. ನನಗೆ ಮೊದಲು ನೆನಪಾಗುವುದು ಸಿಟ್ಟು, ಪಾಯಸ ಆಮೇಲೆ.

ಊರಿಗೆ ರಜೆಗೆ ಹೋದವರು ಯಾರಾದರೂ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಪೇಪರಿನಲ್ಲಿ ಸುತ್ತಿ ಒಂದು ಹಿಡಿ ಭತ್ತದ ಕದಿರು ತರುತ್ತಿದ್ದರು. ಎರಡು ಕದಿರು ಬಾಗಿಲಿಗೆ ಕಟ್ಟಿದ ಮೇಲೆ ಉಳಿದದ್ದು ಮಕ್ಕಳ ಪಾಲಿನ ಕೆಲಸ. ಭತ್ತವನ್ನು ಉಗುರಿನಲ್ಲಿ ಸುಲಿದು ಕಾಳು ಮುರಿಯದ ಹಾಗೆ ಬಟ್ಟಲಿಗೆ ಹಾಕಬೇಕು. ಆ ನಲವತ್ತೈವತ್ತು ಕಾಳನ್ನು ಅಮ್ಮ ಅಂಗಡಿಯ ಕುಚ್ಚಲಕ್ಕಿಗೆ ಸೇರಿಸಿದರೆ ಇಡೀ ಪಾತ್ರೆಯೇ ಹೊಸಕ್ಕಿ ಆಯಿತು. ಹೆಸರುಬೇಳೆ ಪಾಯಸ, ಹರಿವೆ ದಂಟಿನ ಸಾಂಬಾರು, ಹಸಿ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಪತ್ರೊಡೆ. ಅರಸಿನ ಎಲೆಯಲ್ಲಿ ಗಟ್ಟಿ ಎಂಬ ಕಡುಬು ಬೇಯುವ ಪರಿಮಳ ಲಿಫ್ಟಿನೊಳಗೂ ತುಂಬಿ, ಮೇಲಿನ ಮಹಡಿಯ ಈಜಿಪ್ಟಿನ ಹೆಂಗಸು ಬಾಗಿಲು ತಟ್ಟಿ ಇದೇನು ಎಂದು ಕೇಳಿದ್ದುಂಟು.

ಉಣ್ಣುವ ಮೊದಲು ಒಂದು ಕಟ್ಟಳೆ ಇತ್ತು. ಬಾಳೆಲೆಯ ಮುಂದೆ ಕೂತು, ಮೊದಲ ತುತ್ತು ಕೈಯಲ್ಲಿ ಹಿಡಿದು, ಪಂಕ್ತಿಯಲ್ಲಿರುವ ಹಿರಿಯರಿಗೆಲ್ಲ ಒಬ್ಬೊಬ್ಬರಿಗಾಗಿ ಹೇಳಬೇಕು: “ಹೊಸತು ಉಣ್ತೇನೆ.” ಅವರು “ಉಣ್ಣು” ಎಂದ ಮೇಲೆಯೇ ತುತ್ತು ಬಾಯಿಗೆ. ಅಮ್ಮನ ತವರಿನ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ. ಎಲ್ಲರ ಸರದಿ ಮುಗಿದ ಮೇಲೆ ಎಲ್ಲರಿಗಿಂತ ಹಿರಿಯರು ಕಿರಿಯರನ್ನೂ ಕೇಳಬೇಕು, ಪಂಕ್ತಿಯ ಕೊನೆಯ ಮಗುವಿನವರೆಗೆ. ಒಬ್ಬರು ಹೇಳದಿದ್ದರೂ, ಹೇಳುವ ತನಕ ಆ ಹಿರಿಯರು ಹೊಸತು ಉಣ್ಣುವ ಹಾಗಿಲ್ಲ. ಹೇಳದೆ ಇದ್ದವರು ಯಾರೂ ಇರಲಿಲ್ಲವಾದ್ದರಿಂದ ಅದರ ಬಿಸಿ ಯಾರಿಗೂ ತಾಗಿರಲಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೆಂದರೆ ಎದುರು ಮನೆಯ ವಿಠಲಮಾಮ. ಸಂಬಂಧಿಕರೇನಲ್ಲ. ಅಪ್ಪ ಮೊದಲ ಸಲ ಕುವೈತಿಗೆ ಬಂದಿಳಿದಾಗ ವಿಮಾನ ನಿಲ್ದಾಣದಿಂದ ಕರೆತಂದು, ವಾಸದ ಪರವಾನಗಿ ಇಕಾಮಾ ಕೈಗೆ ಬರುವವರೆಗೆ ತಮ್ಮ ಕೋಣೆಯಲ್ಲೇ ಇಟ್ಟುಕೊಂಡವರು. ಅವರ ಹೆಂಡತಿ ಮಕ್ಕಳು ಊರಿನಲ್ಲಿದ್ದರು. ವಾರಕ್ಕೆ ನಾಲ್ಕು ದಿನ ಅವರ ಊಟ ನಮ್ಮ ಮನೆಯಲ್ಲೇ. ಅಮ್ಮನನ್ನು ‘ತಂಗಿ’ ಎಂದು ಕರೆಯುತ್ತಿದ್ದರು. ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ನನಗೆ ಸೈಕಲ್ ಕಲಿಸಿದವರೂ ಅವರೇ.

ನನಗೆ ಹತ್ತು ತುಂಬಿದ ವರ್ಷ ಊರಿನಲ್ಲಿ ದೊಡ್ಡ ಚುನಾವಣೆ ಆಯಿತು. ಅಪ್ಪ ಒಂದು ಪಕ್ಷ, ವಿಠಲಮಾಮ ಇನ್ನೊಂದು. ಕುವೈತಿನಲ್ಲಿ ಕೂತು ಓಟು ಹಾಕುವ ಹಾಗೆ ಇಬ್ಬರಿಗೂ ಇರಲಿಲ್ಲ, ಆ ಕೊರತೆಯನ್ನೆಲ್ಲ ಬಾಯಿಯಲ್ಲಿ ತೀರಿಸಿಕೊಂಡರು. ವಾಟ್ಸಾಪ್ ಹೊಸತು, ನಮ್ಮ ಏಳೆಂಟು ಮನೆಗಳ ಗುಂಪಿನಲ್ಲಿ ಮೊದಲು ಹಬ್ಬದ ಶುಭಾಶಯ ಬರುತ್ತಿತ್ತು, ಆ ವರ್ಷ ಬೈಗುಳ ಬರತೊಡಗಿತು.

“ನಿನ್ನಂಥವರಿಂದಲೇ ದೇಶ ಹಾಳಾದದ್ದು ಮಾರಾಯ,” ಎಂದರು ವಿಠಲಮಾಮ ಒಂದು ದಿನ ನಮ್ಮ ಊಟದ ಮೇಜಿನಲ್ಲೇ.

“ಹಾಳಾದ ದೇಶಕ್ಕೆ ಹೆದರಿಯಾ ವಿಠಲಣ್ಣ ನೀವು ಮೂವತ್ತು ವರ್ಷ ಇಲ್ಲಿ ಕೂತದ್ದು?” ಎಂದರು ಅಪ್ಪ.

ಮಾಮ ಊಟ ಪೂರ್ತಿ ಮುಗಿಸಿಯೇ ಎದ್ದರು. ಮತ್ತೆ ಬರಲಿಲ್ಲ.

ಆದರೂ ನವೆಂಬರಿನಲ್ಲಿ ಅಮ್ಮ ಎಂದಿನಂತೆ ಎಲ್ಲರನ್ನೂ ಕರೆದರು. ಗುರುವಾರ ಸಂಜೆ ವಿಠಲಮಾಮ ಗುಂಪಿನಲ್ಲಿ ಬರೆದರು: “ನಾಳೆ ಆ ಮನೆಯಲ್ಲಿ ಯಾರು ಯಾರು ಉಣ್ತಾರೆ ನೋಡುವ. ಯಾರು ಯಾವ ಕಡೆ ಅಂತ ಗೊತ್ತಾಗ್ತದೆ.” ಅಪ್ಪ ಅದನ್ನು ಓದಿ ಅಮ್ಮನಿಗೆ ತೋರಿಸಲಿಲ್ಲ. ತೋರಿಸಬೇಕಿತ್ತು. ಅಮ್ಮ ಬೆಳಗಿನ ನಾಲ್ಕಕ್ಕೆ ಎದ್ದು ಮೂವತ್ತು ಮಂದಿಗೆ ಅಡುಗೆ ಮಾಡಿದರು, ಸೋಫಾ ಸರಿಸಿ ಮೂವತ್ತು ಎಲೆ ಹಾಕಿದರು.

ಹನ್ನೆರಡರಿಂದ ಎರಡರವರೆಗೆ ಅಮ್ಮ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಲಿಫ್ಟು ನಮ್ಮ ಮಹಡಿಯಲ್ಲಿ ನಿಂತಾಗಲೆಲ್ಲ ಏಳುತ್ತಿದ್ದರು. ನಾನು ಸ್ಟೂಲು ಹತ್ತಿ ಬಾಗಿಲಿನ ಕಿಂಡಿಯಿಂದ ನೋಡಿದೆ. ಎಲ್ಲರೂ ಬಂದಿದ್ದರು, ನಮಗೆ ಬೆನ್ನು ಹಾಕಿ ಎದುರು ಮನೆಯೊಳಗೆ ಹೋಗುತ್ತಿದ್ದರು. ವಿಠಲಮಾಮ ಹೋಟೆಲಿನಿಂದ ಮಾಂಸದ ಅನ್ನ ತರಿಸಿದ್ದರು. ಅವರ ನಗು ಗೋಡೆ ದಾಟಿ ನಮ್ಮ ಮೂವತ್ತು ಎಲೆಗಳ ತನಕ ಬರುತ್ತಿತ್ತು.

“Amma, they're all there,” ಎಂದೆ. ಆಗ ನಾನು ಕನ್ನಡಕ್ಕೂ ತುಳುವಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು.

ಅಮ್ಮ ಅಳಲಿಲ್ಲ. ಎಲೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದರು. ಪಾಯಸದ ಪಾತ್ರೆಯನ್ನು ಅಪ್ಪನ ಕೈಯಲ್ಲಿ ಹಿಡಿಸಿ ಕೆಳಗೆ ಕಟ್ಟಡದ ಕಾವಲುಗಾರರಿಗೂ ಕಾರು ತೊಳೆಯುವವರಿಗೂ ಕೊಟ್ಟು ಬಂದರು. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಮೊಸರನ್ನ ಉಂಡರು, ಹಳೆಯ ಅಕ್ಕಿಯದ್ದು. ಕೇಳಲಿಕ್ಕೆ ಪಂಕ್ತಿಯೇ ಇಲ್ಲದೆ ಹೊಸತು ಉಣ್ಣುವುದು ಹೇಗೆ ಎಂದರು. ಅವರು ಆ ಅನ್ನ ಕಲಸುವುದನ್ನು ನೋಡುತ್ತಲೇ ನಾನು ತೀರ್ಮಾನಿಸಿದೆ, ಈ ಮನುಷ್ಯನನ್ನು ಬಿಡುವುದಿಲ್ಲ ಎಂದು.

ಹತ್ತು ವರ್ಷದವಳ ಕೈಯಲ್ಲಿ ಏನಾಗುತ್ತದೆ? ಬಾಗಿಲ ಹೊರಗಿಟ್ಟ ಅವರ ಬೂಟಿನೊಳಗೆ ಖರ್ಜೂರದ ಬೀಜ ಹಾಕಿದೆ. ಅವರು ಲಿಫ್ಟಿನಲ್ಲಿದ್ದಾಗ ಎಲ್ಲ ಮಹಡಿಯ ಗುಂಡಿ ಒತ್ತಿ ಇಳಿದು ಓಡಿದೆ. ಯಾವುದೂ ಸಾಕಾಗಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದರು. ನನಗೆ ಅವರು ನೀರು ಕುಡಿಯುವುದನ್ನು ಕಣ್ಣಾರೆ ನೋಡಬೇಕಿತ್ತು.

ಮರುವರ್ಷ ಕದಿರು ಬಂದಾಗ ಅಮ್ಮ ತಾವೇ ಎದುರು ಮನೆಯ ಬಾಗಿಲು ತಟ್ಟಿದರು.

“ಅವರನ್ನು ಯಾಕೆ ಕರೆಯುವುದು?” ಅಪ್ಪ ಸಿಡುಕಿದರು.

“ಕದಿರು ಬಂದಿದೆ. ಹಿರಿಯರು ಬೇಡವಾ ಕೇಳ್ಲಿಕ್ಕೆ? ಕಳೆದ ವರ್ಷದ ಹಾಗೆ ಮೊಸರನ್ನ ಉಣ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ.”

ಎಲ್ಲರೂ ಬಂದರು. ಏನೂ ಆಗದವರ ಹಾಗೆ ಬಂದರು, ಚಪ್ಪಲಿ ಬಿಟ್ಟರು, ಪಾಯಸದ ಪರಿಮಳವನ್ನು ಹೊಗಳಿದರು. ಹಿಂದಿನ ವರ್ಷದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ವಿಠಲಮಾಮ ಪಂಕ್ತಿಯ ತಲೆಯಲ್ಲಿ ಕೂತರು. ನಾನು ಚಿಕ್ಕ ಮಕ್ಕಳನ್ನೆಲ್ಲ ಆಚೆ ಸರಿಸಿ ಕೊನೆಯ ಎಲೆ ಹಿಡಿದುಕೊಂಡೆ. ಅದಕ್ಕಾಗಿ ಬೆಳಗ್ಗಿನಿಂದ ಕಾದಿದ್ದೆ.

ಸರದಿ ಮುಗಿಯಿತು. ವಿಠಲಮಾಮ ತುತ್ತು ಎತ್ತಿಕೊಂಡು ಕೇಳುತ್ತ ಬಂದರು. ಅಪ್ಪ ಮುಖ ಆಚೆ ಮಾಡಿಕೊಂಡಾದರೂ “ಉಣ್ಣಿ” ಎಂದರು. ಅಮ್ಮ ಸೌಟು ಹಿಡಿದು ನಿಂತಲ್ಲೇ “ಉಣ್ಣಿ ಅಣ್ಣ” ಎಂದರು. ಮಕ್ಕಳು ಕಿಸಕ್ಕನೆ ನಕ್ಕು ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ಹೊಸತು ಉಣ್ತೇನೆ ಅಕ್ಷೂ.”

ನಾನು ಕೈ ಕಟ್ಟಿಕೊಂಡೆ.

“ಎಂತ ಮಗಾ? ಹೇಳು. ಪಾಯಸ ತಣ್ಣಗಾಗ್ತದೆ.”

ಆ ಮಾತನ್ನು ನಾನು ಒಂದು ತಿಂಗಳು ಬಚ್ಚಲುಮನೆಯಲ್ಲಿ ಕನ್ನಡದಲ್ಲಿ ಅಭ್ಯಾಸ ಮಾಡಿದ್ದೆ, ಒಂದು ಅಕ್ಷರ ತಪ್ಪಬಾರದೆಂದು. “ಅಮ್ಮನ ಹತ್ತಿರ ತಪ್ಪಾಯ್ತು ಅಂತ ಹೇಳಿ. ಆಮೇಲೆ ಹೇಳ್ತೇನೆ.”

ಎಲ್ಲರೂ ತಂತಮ್ಮ ಎಲೆ ನೋಡತೊಡಗಿದರು. ಬಂದವರಲ್ಲಿ ಮೈಸೂರಿನ ಡಾಕ್ಟರ್ ಆಂಟಿ ಮಾತ್ರ ನಗಲು ನೋಡಿದರು. “ಅಯ್ಯೋ, ಮಗು ಅಲ್ವಾ, ಏನೋ ಅಂತು. ನೀವು ಊಟ ಮಾಡಿ ಸಾರ್.”

ಊಟ ಮಾಡಬಹುದಿತ್ತು. ತಡೆಯುವವರು ಯಾರಿದ್ದರು? ವಿಠಲಮಾಮ ಮಾಡಲಿಲ್ಲ. ಅಮ್ಮನ ಕಡೆ ನೋಡಿದರು. ಮೂವತ್ತು ಜನರ ಎದುರು ಅವರಿಗೆ ಆ ಒಂದು ಮಾತು ಎತ್ತಲಾಗಲಿಲ್ಲ. ಬೆರಳ ಸಂದಿಯಿಂದ ಸಾರು ಮುಂಗೈಗೆ ಇಳಿಯುತ್ತಿತ್ತು. ತುತ್ತನ್ನು ಎಲೆಯ ಮೇಲಿಟ್ಟರು, ಎಲೆ ಮಡಚಿದರು, ಕೈ ತೊಳೆದು ಹೋದರು. ಎದುರು ಬಾಗಿಲು ಮುಚ್ಚಿದ ಸದ್ದನ್ನು ಎಲ್ಲರೂ ಕೇಳಿದೆವು.

ಉಳಿದವರು ಬೇಗ ಬೇಗ ಉಂಡು ಜಾಗ ಖಾಲಿ ಮಾಡಿದರು. ನಾನು ಮೂರು ಸಲ ಪಾಯಸ ಹಾಕಿಸಿಕೊಂಡೆ. ಅಷ್ಟು ರುಚಿಯಾದ ಪಾಯಸವನ್ನು ಆಮೇಲೆ ಉಂಡಿಲ್ಲ, ಸುಳ್ಳು ಹೇಳುವುದಿಲ್ಲ. ಅಪ್ಪ ನನ್ನ ತಲೆ ಸವರಿ ಹೋದರು. ಅಮ್ಮ ಹತ್ತಿರ ಬಂದು ಕೂತದ್ದು ಮನೆ ಖಾಲಿಯಾದ ಮೇಲೆ.

“ಎಲೆಯ ಮುಂದೆ ಕೂತವರನ್ನು ಎಬ್ಬಿಸಿದೆಯಲ್ಲ ಅಕ್ಷೂ. ನನ್ನ ಸಿಟ್ಟು ತೀರಿಸ್ಲಿಕ್ಕೆ ನಿನ್ನನ್ನು ಯಾರು ಕರೆದದ್ದು?”

“ನಿನಗೆ ಸಿಟ್ಟೇ ಬರಲಿಲ್ಲವಲ್ಲ.”

“ಬರ್ಲಿಲ್ಲ ಅಂತ ನಿನಗೆ ಹೇಳಿದವರು ಯಾರು?” ಎಂದು ಅಮ್ಮ ಎದ್ದರು. ಸ್ಟೀಲಿನ ಡಬ್ಬದಲ್ಲಿ ಅನ್ನ, ಪಾಯಸ, ಪತ್ರೊಡೆ ತುಂಬಿ ಎದುರು ಮನೆಗೆ ಹೋದರು. ಎರಡೇ ನಿಮಿಷದಲ್ಲಿ ಡಬ್ಬ ತುಂಬಿದ ಹಾಗೆಯೇ ವಾಪಸು ಬಂತು. “ಮಗು ಹೇಳ್ಲಿಲ್ಲ ಅಂತ,” ಎಂದರು ಅಮ್ಮ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ವಿಠಲಮಾಮನ ಕೆಲಸ ಖಲಾಸ್. ವಯಸ್ಸಾಯಿತು, ಇಕಾಮಾ ಮುಂದುವರಿಸುವುದಿಲ್ಲ ಎಂದರಂತೆ ಕಂಪನಿಯವರು. ಎರಡು ಸೂಟ್‌ಕೇಸಿನೊಂದಿಗೆ ಲಿಫ್ಟಿನ ಮುಂದೆ ನಿಂತು ನನ್ನನ್ನು ನೋಡಿದರು. ಅವರ ಕೈ ತುಂಬಿತ್ತು, ಗುಂಡಿ ನಾನೇ ಒತ್ತಿದೆ. ‘ಉಣ್ಣಿ’ ಎಂದು ಮಾತ್ರ ಹೇಳಲಿಲ್ಲ.

ಈಗ ಅಪ್ಪ ಅಮ್ಮ ಸುರತ್ಕಲ್ಲಿನಲ್ಲಿದ್ದಾರೆ. ನಾನು ಕುವೈತಿನಲ್ಲೇ ಉಳಿದು ರುಮೈಥಿಯಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಹೊಸಕ್ಕಿ ಊಟ ನಿಂತಿಲ್ಲ, ಬೆಳೆದಿದೆ. ಎರಡು ಪಕ್ಷದವರಿಗೆ ಎರಡು ಹಾಲ್, ಎರಡು ಬ್ಯಾನರ್, ಎರಡು ಕೇಟರಿಂಗ್. ಈ ಸಲ ಒಂದಕ್ಕೆ ನಾನೂ ಹೋದೆ. ಅನ್ನ ಡಬ್ಬಿಯಲ್ಲಿ ಬಂತು, ಪಾಯಸ ಮುಚ್ಚಳ ಹಾಕಿದ ಲೋಟದಲ್ಲಿ. ಪಕ್ಕದಲ್ಲಿ ಕೂತದ್ದು ನನ್ನ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಇಲ್ಲಸಲ್ಲದ್ದು ಬರೆದ ಒಬ್ಬ ಮಹಾಶಯ. ನನ್ನ ಹಳೆಯ ಆಯುಧ ನೆನಪಾಗಿ ಬಾಯಿ ಬಿಗಿದು ಕೂತೆ. ಅವನು ಯಾರನ್ನೂ ಕೇಳಲಿಲ್ಲ. ಎರಡು ಡಬ್ಬಿ ಉಂಡು, ಹಲ್ಲಿಗೆ ಕಡ್ಡಿ ಹಾಕುತ್ತ, “ಎಂತ, ಊಟ ಆಯ್ತಾ?” ಎಂದು ಎದ್ದು ಹೋದ.

ಉರಿದುಕೊಂಡು ಹೊರಗೆ ಬಂದು ಕಾರಿನಲ್ಲಿ ಕೂತಾಗ ಅಮ್ಮನ ವೀಡಿಯೋ ಕರೆ ಬಂತು.

“ಇಲ್ಲಿಯೂ ಇವತ್ತು ಪುದ್ದಾರ್. ಒಬ್ಬರು ಬಂದಿದ್ದಾರೆ,” ಎಂದರು. “ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬಂದದ್ದು. ಅಂಗಳದಲ್ಲೇ ನಿಂತು ಹೇಳಿಬಿಟ್ಟರು.”

“ಎಂತ ಹೇಳಿದ್ರು?”

“ಅವತ್ತು ನೀನು ಹೇಳ್ಲಿಕ್ಕೆ ಹೇಳಿದ್ದು.”

ಅಮ್ಮ ಫೋನು ತಿರುಗಿಸಿದರು. ಬಾಳೆಲೆ, ಅದರ ಮುಂದೆ ವಿಠಲಮಾಮ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕಿವಿಗೆ ಯಂತ್ರ ಬಂದಿತ್ತು. ಕೈಯಲ್ಲಿ ತುತ್ತಿತ್ತು.

“ಹೊಸತು ಉಣ್ತೇನೆ ಅಕ್ಷೂ,” ಎಂದರು. “ಅಷ್ಟು ವರ್ಷ ಆಯ್ತು ಉಣ್ಣದೆ. ಮನೆಯಲ್ಲಿ ಪುದ್ದಾರಿನ ದಿನ ನನಗೆ ಬೇರೆ ಚಪಾತಿ ಮಾಡ್ತಾರೆ.”

ಸಂತೋಷವಾಯಿತು ಎಂದರೆ ಅರ್ಧ ಮಾತು. ಗೆದ್ದೆ ಅನಿಸಿತು. ಅಮ್ಮ ಅಂದು ಬಾಗಿಲು ನೋಡುತ್ತ ಕೂತದ್ದು ಎರಡು ಗಂಟೆ. ನಾನು ಅವರನ್ನು ಎರಡು ನಿಮಿಷ ಕಾಯಿಸಿದೆ; ಉಳಿದದ್ದನ್ನು ಬಿಟ್ಟುಕೊಟ್ಟೆ. ಸಾರು ಅವರ ಮುಂಗೈಗೆ ಇಳಿಯುತ್ತಿತ್ತು, ಆದರೂ ಅವರು ತುತ್ತು ಕೆಳಗಿಡಲಿಲ್ಲ, ಬಾಯಿಗೂ ಇಡಲಿಲ್ಲ.

“ಉಣ್ಣಿ ಮಾಮಾ,” ಎಂದೆ.

ಅವರು ಕಣ್ಣು ಮುಚ್ಚಿ ಉಂಡರು. ಅಮ್ಮ ಪಾಯಸ ಬಡಿಸಲು ಹೋದರು, ಫೋನು ಮೇಜಿನ ಮೇಲೆ ಮಲಗಿ ಚಾವಣಿ ತೋರಿಸತೊಡಗಿತು. ನಾನು ಕಾರಿನಲ್ಲೇ ಕೂತಿದ್ದೆ. ಹಾಲಿನಿಂದ ಜನ ಹೊಟ್ಟೆ ಸವರಿಕೊಂಡು ಹೊರಬರುತ್ತಿದ್ದರು, ನೂರಾರು ಮಂದಿ. ಅವರಲ್ಲಿ ನನ್ನ ಒಂದು ಮಾತಿಗಾಗಿ ತುತ್ತು ಕೈಯಲ್ಲಿ ಹಿಡಿದು ಕಾಯುವವರು ಒಬ್ಬರೂ ಇರಲಿಲ್ಲ. ಇದ್ದ ಒಬ್ಬರಿಗೂ ನಾನು ಈಗಷ್ಟೇ ಉಣ್ಣಿ ಎಂದುಬಿಟ್ಟಿದ್ದೆ.