ಪಾಯಖಾನೆ ಬಾಗಿಲಿಗೆ ಮಾನವ ಹಕ್ಕಿನ ಬೋರ್ಡು

ಇವತ್ತಿನ ಖರ್ಚು ಕೇಳ್ರಿ ದೋಸ್ತರೇ: ಎಂಟಡಿ ಬೋರ್ಡು ಒಂದು, ಸ್ಕ್ರೂ ಆರು, ನನ್ನ ಅರ್ಧ ದಿನ, ಜೊತೆಗೆ ಹೆಣ್ಣುಮಕ್ಕಳ ಪಾಯಖಾನೆಯ ಬಾಗಿಲು.

ಶಹಾಪುರ ರಸ್ತೆಯ ಹತ್ತಿ ಮಿಲ್ಲಿನವರು ನನ್ನ ಹತ್ತಿರ ಬೋರ್ಡು ಮಾಡಿಸಿದ್ದರು. ಅವರ ಹತ್ತಿ ಕೊಳ್ಳುವ ವಿದೇಶಿ ಕಂಪನಿ ಮಾನವ ಹಕ್ಕುಗಳನ್ನು ಗೌರವಿಸುತ್ತದಂತೆ. ನಾಳೆ ಅದರ ಸಾಹೇಬರು ನೋಡಲು ಬರುತ್ತಾರೆ. ಹಚ್ಚಲು ಹೋದರೆ ಮ್ಯಾನೇಜರು ತೋರಿಸಿದ್ದು ಹೊಸ ಪಾಯಖಾನೆಯ ಗೋಡೆ.

"ಬಾಗಲಾನೇ ಮುಚ್ಚತೈತಲ್ರಿ!" ಅಂದೆ.

"ಮುಚ್ಚಲಿ ಬಿಡ್ರಿ. ಸುಣ್ಣ ಕಂಡಿದ್ದು ಅದೊಂದೇ ಗ್ವಾಡಿ. ಗೇಟಿನ್ಯಾಗ ಇಳಿದ ಕೂಡ್ಲೇ ಸಾಹೇಬ್ರಿಗೆ ಕಾಣಬೇಕು."

"ಸಣ್ಣದು ಮಾಡಿಕೊಡ್ಲೇನ್ರಿ?"

"ಅಳತಿ ಕಂಪನೀದು. ಒಂದು ಇಂಚು ಕಮ್ಮಿ ಆದ್ರ ನನ್ನ ನೌಕರಿ ಹೋಗ್ತೈತಿ."

ಹಚ್ಚಿದೆ. ಕೊನೆಯ ಸ್ಕ್ರೂ ತಿರುಗಿಸುವಾಗ, ಅಲ್ಲಿ ಹತ್ತಿ ಆರಿಸುವ ಸಗರದ ಮಲ್ಲಮ್ಮ ಅವಸರದಿಂದ ಬಂದು ನಿಂತಳು. "ಏನು ಬರದೀರಿ ಅಣ್ಣಾರ?"

"ಇಲ್ಲಿ ದುಡಿಯುವ ಪ್ರತಿಯೊಬ್ಬರ ಮರ್ಯಾದೆ ಕಾಯುತ್ತೇವೆ" ಅಂತ ಓದಿ ಹೇಳಿದೆ.

"ಭಾಳ ಚಲೋ ಆತು. ಹಂಗಾರ ಜರಾ ಸರಸ್ರಿ, ನಾ ಒಳಗ ಹೋಗಬೇಕು."

ನಾನು ಮ್ಯಾನೇಜರ ಮುಖ ನೋಡಿದೆ. ಆತ, "ಫೋಟೊ ಆಗೋತನಕ ತಡಿಯವ್ವ, ನಾಳಿ ಸಂಜಿಗೆ ಬಿಚ್ತೀವಿ" ಅಂದ.

"ನಾಳಿ ಸಂಜೀತನಕ ನೀವು ತಡಕೊಂಡು ತೋರಸ್ರಿ!" ಅಂದವಳೇ ತಂಬಿಗೆ ಹಿಡಿದು, ಲಾರಿಗಳು ನಿಲ್ಲುವ ಕಡೆಯ ಜಾಲಿಕಂಟಿಯ ಮುಳ್ಳುಪೊದೆ ಮರೆಗೆ ನಡೆದಳು.

ಕೊನೆಗೆ ಲೆಕ್ಕ ಇಷ್ಟು. ಕಂಪನಿಗೆ ನಾಳೆ ಫೋಟೊ. ಮ್ಯಾನೇಜರನಿಗೆ ಶಾಬಾಸ್‌ಗಿರಿ. ನನಗೆ ಮುಂದಿನ ಬೋರ್ಡಿನ ಆರ್ಡರು. ಮಲ್ಲಮ್ಮನಿಗೆ ಜಾಲಿಕಂಟಿ.