ಒಂದೇ ಹೊತ್ತಿಗೆ ಎರಡು ಕಡೆ ನಿಂತ ವಿಮಾನ

ಇನ್ನೂ ಬೆಳಕು ಹರಿದಿಲ್ಲ. ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಶೆಡ್ಡಿನ ಮೂಲೆಯಲ್ಲೊಂದು ಗಾಜಿನ ಕೋಣೆ. ಒಳಗೆ ಕೂತ ಹೆಂಗಸು ಸ್ವೆಟರಿನ ತೋಳು ಮೇಲೇರಿಸಿಕೊಂಡು ರಾತ್ರಿ ಪಾಳಿಯ ಕೆಲಸದ ಹಾಳೆಗಳನ್ನು ತಿರುವುತ್ತಿದ್ದಾರೆ. ಯಾವ ವಿಮಾನ, ಯಾವ ಭಾಗ, ಬಿಚ್ಚಿದವರು ಯಾರು, ಸಹಿ ಹಾಕಿದವರು ಯಾರು ಎಲ್ಲವನ್ನೂ ಇವರು ನೋಡಿ ಸರಿಯಿದೆ ಎಂದ ಮೇಲೆಯೇ ವಿಮಾನ ಹೊರಡಬೇಕು. ಶೆಡ್ಡಿನವರ ಬಾಯಲ್ಲಿ ಇವರು ‘ಕಾಗದದಕ್ಕ’.

ಒಂದು ಹಾಳೆಯ ಮೇಲೆ ಅವರ ಬೆರಳು ನಿಲ್ಲುತ್ತದೆ. ಆರಕ್ಕೆ ಹೊರಡಬೇಕಾದ ವಿಮಾನದ ಎಂಜಿನ್ನಿಗೆ ರಾತ್ರಿ ಮೂರಕ್ಕೆ ಹೊಸ ಆಯಿಲ್ ಫಿಲ್ಟರ್ ಹಾಕಲಾಗಿದೆ ಎಂದು ಅದರಲ್ಲಿದೆ. ಇನ್ನೊಂದು ಹಾಳೆಯ ಪ್ರಕಾರ ಅದೇ ಮೂರಕ್ಕೆ ಅದೇ ವಿಮಾನವನ್ನು ಶೆಡ್ಡಿನ ಹೊರಗೆ ತೊಳೆಯುತ್ತಿದ್ದಾರೆ.

“ಗಂಟೆ ತಪ್ಪು ಬರೆದಿರ್ತಾನೆ ಕಣಮ್ಮ. ತಿದ್ದಿಸಿ ಬಿಟ್ಟುಬಿಡಿ, ಜನ ಆಗ್ಲೇ ಸಾಲು ನಿಂತಿದ್ದಾರೆ” ಎನ್ನುತ್ತಾರೆ ಪಾಳಿಯ ಮುಖ್ಯಸ್ಥರು.

“ಇರಬಹುದು ಸಾರ್. ಆದ್ರೆ ಒಂದೇ ವಿಮಾನ ಒಂದೇ ಹೊತ್ತಿಗೆ ಒಳಗೂ ಹೊರಗೂ ಹೇಗಿರುತ್ತೆ? ಒಂದ್ಸಲ ಅವನನ್ನ ಕರೆಸಿ.”

ಬಂದ ಮೆಕ್ಯಾನಿಕ್ ಕಾಗದದಕ್ಕನಿಗಿಂತ ಸ್ವಲ್ಪ ಚಿಕ್ಕವರು. ಅವರ ಕೈಕೆಲಸದ ಬಗ್ಗೆ ಎರಡು ಮಾತಿಲ್ಲ. ಮುಂದಿನ ತಿಂಗಳು ಮೇಲ್ವಿಚಾರಕರಾಗುವವರು. ಈ ಕೆಲಸ ಮಾಡಿದ್ದೀಯಾ ಎಂದು ಕಾಗದದಕ್ಕ ಕೇಳುವುದಿಲ್ಲ. “ಹಾಗೆ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ?” ಎಂದು ಆಮೇಲೆ, ಲೇಖನ ಬರೆಯಲು ಬಂದು ಅಲ್ಲೇ ಕೂತಿದ್ದ ನನಗೆ ಹೇಳುತ್ತಾರೆ. ಈಗ ಅವರು ಕೇಳುವುದು, “ಹೇಗೆ ಮಾಡ್ದೆ ಹೇಳಪ್ಪ, ಮೊದಲಿಂದ.”

“ಇದೇನಕ್ಕ, ಪರೀಕ್ಷೆನಾ? ಗೋಡೆ ಪಕ್ಕದ ವಿಮಾನಕ್ಕೆ ಏಣಿ ಹಾಕ್ದೆ. ಆ ಮೂಲೆ ದೀಪ ಕೆಟ್ಟಿದೆಯಲ್ಲ, ಟಾರ್ಚು ಬಾಯಲ್ಲಿ ಕಚ್ಕೊಂಡು ಬಿಚ್ದೆ…”

“ಗೋಡೆ ಪಕ್ಕದ್ದಕ್ಕೇನಾ?”

“ಹೌದು, ಸಂಜೆಯಿಂದ ಅಲ್ಲೇ ಇತ್ತಲ್ಲ…”

ವಿಚಾರಿಸಿದಾಗ ವಿಷಯ ತಿಳಿಯುತ್ತದೆ. ಮೆಕ್ಯಾನಿಕ್ ಊಟಕ್ಕೆ ಹೋಗಿದ್ದಾಗ ಆ ವಿಮಾನವನ್ನು ತೊಳೆಯಲು ಎಳೆದೊಯ್ದು, ಅವಳಿಯಂಥ ಇನ್ನೊಂದನ್ನು ಅಲ್ಲಿ ತಂದು ನಿಲ್ಲಿಸಿದ್ದಾರೆ. ಬಾಲದ ಮೇಲಿನ ಅಕ್ಷರ ಬಿಟ್ಟರೆ ಎರಡಕ್ಕೂ ವ್ಯತ್ಯಾಸವಿಲ್ಲ. ಹೀಗಾಗಿ ಬಿಚ್ಚಿದ ಎಂಜಿನ್ನನ್ನು ಓಡಿಸಿ ಎಣ್ಣೆ ಸೋರುತ್ತದೆಯೇ ಎಂದು ಯಾರೂ ನೋಡಿಲ್ಲ. ಹಾಳೆ ನಂಬಿ ಓಡಿಸಿ ನೋಡಿದ ಎಂಜಿನ್ನನ್ನು ಯಾರೂ ಬಿಚ್ಚಿಯೇ ಇಲ್ಲ. ಕಾಗದದಕ್ಕ ಫೋನೆತ್ತಿ ಎರಡೂ ವಿಮಾನಗಳನ್ನು ನಿಲ್ಲಿಸುತ್ತಾರೆ.

ಟೈಪಿಂಗ್ ಕಲಿತು ತಾತ್ಕಾಲಿಕ ಅಂತ ಸೇರಿದವರು ಇವರು. ಆ ‘ತಾತ್ಕಾಲಿಕ’ ಶುರುವಾದಾಗ ತೊಟ್ಟಿಲಲ್ಲಿದ್ದ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಪಾಳಿಯೊಂದಕ್ಕೆ ಮುನ್ನೂರರಷ್ಟು ಹಾಳೆ. ಹೆಚ್ಚಿನವು ಸಣ್ಣ ತಪ್ಪುಗಳು: ಎಡಕ್ಕೆ ಬಲ ಎಂದು ಬರೆದದ್ದು, ಮರೆತ ಸಹಿ, ನಿನ್ನೆಯ ತಾರೀಖು. ಬಸ್ ಓಡಿಸುವ ಗಂಡ ಊಟಕ್ಕೆ ಕೂತಾಗ, “ಉಪ್ಪು ಹಾಕಿದ್ದಕ್ಕೆ ಸಹಿ ಎಲ್ಲಿ?” ಎಂದು ರೇಗಿಸುತ್ತಾರೆ. ಅತ್ತೆಯದು ಬೇರೆಯದೇ ಕೊರಗು. “ವಿಮಾನದ ಕೆಲಸ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನೋಡಿದ್ರೆ ಇವಳು ಕಾಗದ ಎಣಿಸ್ತಾಳೆ!”

ತಪ್ಪು ಸಿಕ್ಕಾಗ ಖುಷಿಯಾಗುತ್ತದೆಯೇ ಎಂದು ಕೇಳಿದೆ.

“ಅಕ್ಕಿಲಿ ಕಲ್ಲು ಆರಿಸಿದ ಹಾಗೆ ಇದು. ಆರಿಸಿದವಳನ್ನ ಯಾರೂ ನೆನೆಯಲ್ಲ, ಹಲ್ಲಿಗೆ ಸಿಕ್ಕಿದ ದಿನ ಮಾತ್ರ ಹುಡುಕ್ತಾರೆ. ಆದ್ರೆ ಕಲ್ಲು ಎತ್ತಿ ಬಿಸಾಕಬಹುದು. ಇಲ್ಲಿ ತಪ್ಪಿನ ಹಿಂದೆ ಒಬ್ಬ ಮನುಷ್ಯ ಇರ್ತಾನಲ್ಲ, ಖುಷಿ ಎಲ್ಲಿಂದ ಬರುತ್ತೆ?”

ಆ ಮನುಷ್ಯ ಬಾಗಿಲು ತಳ್ಳಿಕೊಂಡು ಬರುತ್ತಾರೆ. ಕೈತುಂಬ ಎಣ್ಣೆ.

“ಎರಡೂ ಸರಿ ಮಾಡಿದ್ದಾಯ್ತು ಅಕ್ಕ, ಓಡಿಸಿಯೂ ನೋಡಿದ್ರು. ಆ ಹಳೇ ಹಾಳೆ ಹರಿದುಬಿಡಿ, ಹೊಸದು ಬರ್ಕೊಡ್ತೀನಿ. ಯಾರಿಗೇನು ನಷ್ಟ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಬೇಡಿ.”

ಪಾಳಿಯ ಮುಖ್ಯಸ್ಥರು ಗಾಜಿನಾಚೆ ನೋಡುತ್ತಾ ನಿಲ್ಲುತ್ತಾರೆ.

“ವಿಮಾನ ಬದಲಾಯಿಸಿದೋರು ನಿನಗೆ ಹೇಳಿಲ್ಲ. ಆ ದೀಪ ಯಾರೂ ಸರಿ ಮಾಡ್ಸಿಲ್ಲ” ಎನ್ನುತ್ತಾರೆ ಕಾಗದದಕ್ಕ. “ಇದನ್ನ ಹರಿದ್ರೆ ಅದೂ ಮುಚ್ಚಿಹೋಗುತ್ತಲ್ಲಪ್ಪ. ನಾಳೆ ಇನ್ನೊಬ್ಬ ಅದೇ ಗುಂಡಿಗೆ ಬೀಳ್ತಾನೆ. ನಾನು ಬರೆದ್ರೆ ದೂರು ಆಗುತ್ತೆ. ಏನಾಯ್ತು ಅಂತ ನೀನೇ ಬರ್ಕೊಡು.”

“ನಿಮಗೇನು, ಕುರ್ಚಿ ಮೇಲೆ ಕೂತು ಹೇಳ್ತೀರಿ!”

ಆ ಮಾತು ನಾಟಿದ್ದು ಕಾಗದದಕ್ಕನ ಮುಖದಲ್ಲಿ ಕಾಣುತ್ತದೆ. ಆದರೂ ಎದ್ದು, ತಮ್ಮ ಕುರ್ಚಿಯನ್ನೇ ಅವರ ಕಡೆ ಸರಿಸುತ್ತಾರೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ಕೂತು ಬರೆಯತೊಡಗುತ್ತಾರೆ. ಅವರು ಬರೆದು ಮುಗಿಸುವ ತನಕ ಕಾಗದದಕ್ಕ ಪಕ್ಕದಲ್ಲೇ ನಿಂತಿರುತ್ತಾರೆ.

ಕೆಲವು ವಾರಗಳ ಬಳಿಕ ಮತ್ತೆ ಹೋಗುತ್ತೇನೆ. ಗೋಡೆ ಪಕ್ಕದಲ್ಲಿ ಹೊಸ ದೀಪ ಉರಿಯುತ್ತಿದೆ. ಈಗ ಕೆಲಸದಲ್ಲಿರುವವರಿಗೆ ಹೇಳದೆ ಯಾವ ವಿಮಾನವನ್ನೂ ಜರುಗಿಸುವಂತಿಲ್ಲ. ಮೆಕ್ಯಾನಿಕ್‌ಗೆ ಬರಬೇಕಿದ್ದ ಬಡ್ತಿ ಮಾತ್ರ ಬೇರೆಯವರ ಪಾಲಾಗಿದೆ. ಈ ಲೇಖನಕ್ಕೆ ಒಪ್ಪಿಗೆ ಕೇಳಿದಾಗ ಮೆಕ್ಯಾನಿಕ್ ಅಂದದ್ದು ಇಷ್ಟೇ: “ಬರೀರಿ. ಆದದ್ದೇ ತಾನೇ?” ಕಾಗದದಕ್ಕನ ಮೇಜಿಗೆ ಬಂದು ಹಾಳೆ ಇಡುತ್ತಾರೆ, ಮಾತಿಲ್ಲದೆ ಹೋಗುತ್ತಾರೆ.

“ಬೈದಿದ್ರೆ ತಡ್ಕೋತಿದ್ದೆ” ಎನ್ನುತ್ತಾರೆ ಆಕೆ. “ಮನೆಗೆ ಹೋಗಿ ಮಲಗಿದ್ರೂ ಅವನ ಮುಖವೇ ಬರುತ್ತೆ. ಹರಿದುಬಿಡಬೇಕಿತ್ತಾ ಅಂತ ಕೇಳ್ಕೋತೀನಿ. ಇಲ್ಲ ಅಂತಾನೇ ಅನ್ಸುತ್ತೆ. ಆದ್ರೂ ನಿದ್ದೆ ಬರಲ್ಲ.”

ಏನಾದರೂ ಆಸೆ ಇದೆಯೇ? ಸಂಬಳ, ಕಾಯಂ ನೌಕರಿ ಎಂದಾರು ಎಂದು ಕಾಯುತ್ತೇನೆ. ಅವರು ಗಾಜಿನಾಚೆ, ಏಣಿಯ ಮೇಲೆ ನಿಂತ ಮೆಕ್ಯಾನಿಕ್ ಕಡೆಗೆ ನೋಡುತ್ತಾರೆ.

“ಮುಂದಿನ ವರ್ಷ ಮತ್ತೆ ಬಡ್ತಿ ಪಟ್ಟಿ ಮಾಡ್ತಾರೆ. ಮಾಡೋರು ಆ ಬರಹನ ಅವನ ತಪ್ಪು ಅಂತ ಓದಬಾರದು. ಅವನೇ ಕೂತು ಬರೆದುಕೊಟ್ಟಿದ್ದು ಅಂತ ಓದ್ಲಿ. ಅಷ್ಟೇ.”